ಒಬ್ಬೊಬ್ಬರಿಗೆ ಒಬ್ಬೊಬ್ಬ ಯೋಧ: ನಾನು ಇಲಿಯಡ್ ಪಾಠ ಮಾಡಿದ ಬಗೆ

ಟ್ರಾಯ್ ನಗರದ ಮೇಲೆ ಗ್ರೀಕರು ನಡೆಸಿದ ಯುದ್ಧದ ಕಥೆಯಾದ, ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯವನ್ನು ಎಂ.ಎ. ಇಂಗ್ಲಿಷ್ ತರಗತಿಗೆ ಮೊದಲ ಸಲ ಪಾಠ ಮಾಡಿದಾಗ ನಾನು ಅದನ್ನು ಬರಿಯ ಕಥೆಯಾಗಿ ಹೇಳಿದ್ದೆ. ಗ್ರೀಕ್ ರಾಣಿ ಹೆಲೆನಳ ಅಪಹರಣದಿಂದ ಹಿಡಿದು ಗ್ರೀಕರು ಒಳಗೆ ಅಡಗಿ ನಗರ ಹೊಕ್ಕ ಮರದ ಕುದುರೆಯವರೆಗೆ ಎರಡು ವಾರ ವಿವರಿಸಿ, ಇದು ಗ್ರೀಕರ ಮಹಾಭಾರತ ಎಂದು ಹೇಳಿ ಮುಗಿಸಿದ್ದೆ. ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ನನ್ನ ತಪ್ಪು ಕಣ್ಣಿಗೆ ಹೊಡೆಯಿತು. ಹೆಚ್ಚಿನವರು ಇಲಿಯಡ್ ಮರದ ಕುದುರೆಯ ಪ್ರಸಂಗದೊಂದಿಗೆ ಕೊನೆಗೊಳ್ಳುತ್ತದೆ ಎಂದು ಬರೆದಿದ್ದರು. ಆ ಕಾವ್ಯದಲ್ಲಿ ಮರದ ಕುದುರೆಯೂ ಬರುವುದಿಲ್ಲ, ಟ್ರಾಯ್ ನಗರದ ಪತನವೂ ಬರುವುದಿಲ್ಲ. ಗ್ರೀಕರ ಮಹಾವೀರ ಅಕಿಲೀಸನ ಸಾವು ಮುಂದೆ ನಡೆಯಲಿರುವ ಸಂಗತಿಯಾಗಿ ಮಾತುಗಳಲ್ಲಿ ಬರುತ್ತದೆಯೇ ಹೊರತು ಕಾವ್ಯದೊಳಗೆ ಘಟಿಸುವುದಿಲ್ಲ. ಹತ್ತು ವರ್ಷಗಳ ಯುದ್ಧದ ಕೊನೆಯ ಘಟ್ಟದಿಂದ ಸುಮಾರು ಐವತ್ತು ದಿನಗಳನ್ನಷ್ಟೇ ಎತ್ತಿಕೊಂಡು, ‘ಕೋಪ’ ಎಂಬ ಅರ್ಥದ ಪದದಿಂದಲೇ ಆರಂಭವಾಗಿ, ಟ್ರಾಯ್ ರಾಜಕುಮಾರ ಹೆಕ್ಟರನ ಅಂತ್ಯಸಂಸ್ಕಾರದಲ್ಲಿ ಅದು ನಿಲ್ಲುತ್ತದೆ.

ಮಹಾಭಾರತದ ಹೋಲಿಕೆಯಿಂದ ಇನ್ನೂ ಹೆಚ್ಚಿನ ಹಾನಿಯಾಗಿತ್ತು. ಧರ್ಮ ಯಾರ ಪಕ್ಷದಲ್ಲಿದೆ, ಅಕಿಲೀಸ್ ಕರ್ಣನೋ ಅರ್ಜುನನೋ ಎಂಬ ಪ್ರಶ್ನೆಗಳಲ್ಲೇ ವಿದ್ಯಾರ್ಥಿಗಳು ಸಿಕ್ಕಿಕೊಂಡಿದ್ದರು. ಆ ದಾರಿಗೆ ಅವರನ್ನು ಹಚ್ಚಿದವನು ನಾನೇ. ಪರಿಚಿತವಾದುದರಿಂದ ಅಪರಿಚಿತದ ಕಡೆಗೆ ಕರೆದೊಯ್ಯಬೇಕು ಎಂಬ ಮಾತನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಪಠ್ಯವನ್ನು ಓದುವ ಮೊದಲೇ ಹೋಲಿಕೆ ಕೊಟ್ಟರೆ ವಿದ್ಯಾರ್ಥಿಗಳು ಪರಿಚಿತವಾದುದರಲ್ಲೇ ಉಳಿದುಬಿಡುತ್ತಾರೆ.

ಮರುವರ್ಷ ಕ್ರಮವನ್ನೇ ಬದಲಿಸಿದೆ. ಇಪ್ಪತ್ತನಾಲ್ಕು ಸರ್ಗಗಳ, ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳ ಕಾವ್ಯವನ್ನು ತರಗತಿಯಲ್ಲಿ ಪೂರ್ತಿ ಓದುವುದು ಸಾಧ್ಯವಿರಲಿಲ್ಲ. ಹಾಗಾಗಿ 1951ರಲ್ಲಿ ಪ್ರಕಟವಾದ ರಿಚ್ಮಂಡ್ ಲ್ಯಾಟಿಮೋರ್ ಅವರ ಇಂಗ್ಲಿಷ್ ಅನುವಾದವನ್ನು ಆರಿಸಿಕೊಂಡೆ. ಅದು ಮೂಲದ ಸಾಲುಗಳನ್ನು ಬಹುಮಟ್ಟಿಗೆ ಹಾಗೆಯೇ ಅನುಸರಿಸುವುದರಿಂದ ಇಂಥ ಸರ್ಗದ ಇಂಥ ಸಾಲು ಎಂದು ತೋರಿಸುವುದು ಸುಲಭ. ಇಲಿಯಡ್‌ನಲ್ಲಿ ಹೆಸರುಳ್ಳ ಇನ್ನೂರಕ್ಕೂ ಹೆಚ್ಚು ಯೋಧರು ಸಾಯುತ್ತಾರೆ. ಅವರಲ್ಲಿ ಅನೇಕರು ಕಾವ್ಯಕ್ಕೆ ಬರುವುದೇ ಸಾಯುವುದಕ್ಕಾಗಿ, ಅದೂ ಏಳೆಂಟು ಸಾಲುಗಳ ಮಟ್ಟಿಗೆ. ಅಂಥವರ ಪಟ್ಟಿ ಮಾಡಿ, ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಯೋಧನನ್ನು ಒಪ್ಪಿಸಿದೆ. ಅವನ ತಂದೆ ಯಾರು, ಊರು ಯಾವುದು, ಸಾಯುವ ಗಳಿಗೆಯಲ್ಲಿ ಕವಿ ಅವನ ಬಗ್ಗೆ ಏನನ್ನು ನೆನೆಯುತ್ತಾನೆ ಎಂಬುದನ್ನು ಹುಡುಕಿ, ಆ ಸಾಲುಗಳನ್ನು ಗಟ್ಟಿಯಾಗಿ ಓದಿ, ನಂತರ ಕನ್ನಡದಲ್ಲಿ ಹೇಳಬೇಕು ಎಂಬುದು ಅವರ ಕೆಲಸವಾಗಿತ್ತು.

ಒಬ್ಬ ಹುಡುಗನಿಗೆ ನಾಲ್ಕನೆಯ ಸರ್ಗದ ಸಿಮೊಯಿಸಿಯಸ್ ಬಂದಿದ್ದ. ತನ್ನ ತಂದೆತಾಯಿಯ ಜೊತೆ ಕುರಿಮಂದೆಗಳನ್ನು ನೋಡಲು ಹೋಗಿದ್ದ ತಾಯಿ, ಇಡಾ ಬೆಟ್ಟದಿಂದ ಇಳಿದು ಬರುವಾಗ ಸಿಮೊಯಿಸ್ ನದಿಯ ದಂಡೆಯಲ್ಲಿ ಅವನನ್ನು ಹೆತ್ತಳು. ಅದಕ್ಕೇ ಆ ಹೆಸರು. ಮದುವೆಯಾಗದ ತರುಣ, ಸಾಕಿದವರ ಋಣ ತೀರಿಸುವ ಮೊದಲೇ ಗ್ರೀಕ್ ಯೋಧ ಅಜಾಕ್ಸನ ಈಟಿ ಅವನ ಎದೆಯನ್ನು ಹೊಕ್ಕಿತು. ಜೌಗುನೆಲದಲ್ಲಿ ಬೆಳೆದ, ತುದಿಯಲ್ಲಷ್ಟೇ ಕೊಂಬೆಗಳಿರುವ ನುಣುಪಾದ ಪಾಪ್ಲರ್ ಮರದಂತೆ ಅವನು ಉರುಳುತ್ತಾನೆ. ರಥ ಮಾಡುವವನು ಗಾಲಿಗೆ ಬಗ್ಗಿಸಲೆಂದು ಕಡಿದ ಆ ಮರ ನದಿಯ ದಂಡೆಯಲ್ಲಿ ಒಣಗುತ್ತಾ ಬಿದ್ದಿದೆ. ಹುಡುಗ ಇಷ್ಟನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಹುಟ್ಟಿದ್ದೂ ಹೊಳೆ ದಂಡೆ, ಈಗ ಒಣಗ್ತಾ ಬಿದ್ದಿರೋದೂ ಹೊಳೆ ದಂಡೆ” ಎಂದ. ಆ ಸಾಲುಗಳನ್ನು ನಾನು ಎಷ್ಟೋ ಸಲ ಓದಿದ್ದರೂ ಎರಡು ದಂಡೆಗಳನ್ನು ಕೂಡಿಸಿ ನೋಡಿರಲಿಲ್ಲ. ಆ ವಿದ್ಯಾರ್ಥಿಯ ತಂದೆ ಬಡಗಿ ಎಂಬುದು ಆಮೇಲೆ ತಿಳಿಯಿತು.

ಆರನೆಯ ಸರ್ಗದ ಆಕ್ಸಿಲಸ್ ಅರಿಸ್ಬೆ ಎಂಬ ಊರಿನವನು. ದಾರಿಯ ಪಕ್ಕದಲ್ಲಿ ಮನೆಯಿದ್ದುದರಿಂದ ಬಂದವರಿಗೆಲ್ಲ ಆದರದ ಆತಿಥ್ಯ ನೀಡುತ್ತಿದ್ದ. ಗ್ರೀಕ್ ಯೋಧ ಡಯೊಮಿಡಿಸ್ ಅವನನ್ನು ಕೊಲ್ಲುವಾಗ ಅವನ ಮನೆಯಲ್ಲಿ ಉಂಡವರಲ್ಲಿ ಒಬ್ಬನೂ ಅಡ್ಡ ಬಂದು ಕಾಪಾಡಲಿಲ್ಲ ಎಂದು ಕವಿ ಹೇಳುತ್ತಾನೆ. ಹನ್ನೊಂದನೆಯ ಸರ್ಗದ ಇಫಿಡಮಸ್ ಹೊಸ ಮದುವಣಿಗ. ವಧುವಿಗಾಗಿ ನೂರು ದನಗಳನ್ನು ತೆತ್ತು, ಸಾವಿರ ಆಡುಕುರಿಗಳನ್ನು ಕೊಡುವೆನೆಂದು ಮಾತು ಕೊಟ್ಟು ಬಂದವನು. ಇಂಥವರ ವಿವರಗಳು ಕಪ್ಪುಹಲಗೆಯನ್ನು ತುಂಬುತ್ತಿದ್ದಂತೆ ಒಬ್ಬ ವಿದ್ಯಾರ್ಥಿನಿ, ಇವರಲ್ಲಿ ಹೆಚ್ಚಿನವರು ಟ್ರಾಯ್ ಪಕ್ಷದವರು, ಗ್ರೀಕ್ ಕವಿ ಶತ್ರುಗಳಿಗಾಗಿ ಯಾಕೆ ಇಷ್ಟು ಮರುಗುತ್ತಾನೆ ಎಂದು ಕೇಳಿದಳು. ಧರ್ಮ ಯಾರ ಪಕ್ಷದಲ್ಲಿದೆ ಎಂಬ ಹಿಂದಿನ ವರ್ಷದ ಪ್ರಶ್ನೆಯನ್ನು ಈ ತರಗತಿಯಲ್ಲಿ ಯಾರೂ ಎತ್ತಲಿಲ್ಲ.

ವೇಗದ ಕಾಲಿನ ಅಕಿಲೀಸ್ ಎಂಬಂಥ ವಿಶೇಷಣಗಳು ಮತ್ತೆ ಮತ್ತೆ ಬರುವುದು ಮೊದಮೊದಲು ಅವರಿಗೆ ಬೇಸರ ತರಿಸಿತ್ತು. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರ ನಡುವೆ ಯುಗೊಸ್ಲಾವಿಯದ ಗಾಯಕರನ್ನು ಧ್ವನಿಮುದ್ರಿಸಿ, ಹಾಡುತ್ತಲೇ ಕಾವ್ಯ ಕಟ್ಟುವವರಿಗೆ ಇಂಥ ಸಿದ್ಧ ನುಡಿಗಟ್ಟುಗಳು ಹೇಗೆ ಆಧಾರವಾಗುತ್ತವೆ ಎಂಬುದನ್ನು ಅಭ್ಯಸಿಸಿದ ಸಂಗತಿಯನ್ನು ವಿವರಿಸಿದೆ. ಚಾಮರಾಜನಗರದ ಕಡೆಯ ವಿದ್ಯಾರ್ಥಿಯೊಬ್ಬ ಮಲೆ ಮಾದೇಶ್ವರನ ಕಥೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುವುದನ್ನು ಕೇಳಿ ಬೆಳೆದವನು. ನನ್ನ ವಿವರಣೆಗಿಂತ ಅವನು ಹಾಡಿ ತೋರಿಸಿದ ನಾಲ್ಕು ಸಾಲುಗಳಿಂದಲೇ ಉಳಿದವರಿಗೆ ವಿಷಯ ಅರ್ಥವಾಯಿತು. ಪಠ್ಯದೊಳಗೆ ಇಳಿದ ಮೇಲೆ ಬಂದ ಈ ಹೋಲಿಕೆ ನನಗೆ ತೊಡಕೆನಿಸಲಿಲ್ಲ.

ದೊಡ್ಡ ಪಾತ್ರಗಳಿಗೆ ಬಂದದ್ದು ಇದೆಲ್ಲ ಆದ ಮೇಲೆಯೇ. ಆರನೆಯ ಸರ್ಗದಲ್ಲಿ ಹೆಕ್ಟರನ ಶಿರಸ್ತ್ರಾಣದ ಮೇಲಿನ ಕುದುರೆಗೂದಲಿನ ತುರಾಯಿಯನ್ನು ಕಂಡು ಹೆದರಿದ ಮಗು ದಾದಿಯ ಎದೆಗೆ ಅವುಚಿಕೊಳ್ಳುತ್ತದೆ, ತಂದೆತಾಯಿ ನಗುತ್ತಾರೆ, ಅವನು ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿಟ್ಟು ಮಗುವನ್ನು ಎತ್ತಿಕೊಳ್ಳುತ್ತಾನೆ. ಇದನ್ನು ಓದಿದ ಬೆನ್ನಿಗೇ ಇಪ್ಪತ್ತೆರಡನೆಯ ಸರ್ಗಕ್ಕೆ ಹೋದೆವು. ಅಲ್ಲಿ ಗಂಡ ಹೆಕ್ಟರ್ ಅಕಿಲೀಸನ ಕೈಯಲ್ಲಿ ಆಗಲೇ ಸತ್ತಿರುವುದನ್ನು ಅರಿಯದ ಆಂಡ್ರೊಮಕಿ, ಅವನು ಯುದ್ಧದಿಂದ ಬಂದೊಡನೆ ಸ್ನಾನ ಮಾಡಲೆಂದು ನೀರು ಕಾಯಿಸಲು ದಾಸಿಯರಿಗೆ ಹೇಳುತ್ತಿರುತ್ತಾಳೆ.

ಕೊನೆಯ ಎರಡು ಅವಧಿಗಳನ್ನು ಇಪ್ಪತ್ತನಾಲ್ಕನೆಯ ಸರ್ಗಕ್ಕೆ ಮೀಸಲಿಟ್ಟೆ. ತನ್ನ ಮಕ್ಕಳನ್ನು ಕೊಂದ ಅಕಿಲೀಸನ ಕೈಗಳಿಗೆ ಹೆಕ್ಟರನ ತಂದೆ, ಟ್ರಾಯ್‌ನ ಮುದುಕ ರಾಜ ಪ್ರಿಯಾಮ್ ಮುತ್ತಿಡುವುದನ್ನೂ, ಅವನು ಮಗನಿಗಾಗಿ, ಅಕಿಲೀಸ್ ತನ್ನ ತಂದೆಗಾಗಿ ಮತ್ತು ಸತ್ತ ಗೆಳೆಯ ಪೆಟ್ರೊಕ್ಲಸನಿಗಾಗಿ ಅಳುವುದನ್ನೂ ಯಾವ ವಿವರಣೆಯೂ ಇಲ್ಲದೆ ಓದಿದೆ. ಒಂಬತ್ತು ದಿನ ಶೋಕ, ಹತ್ತನೆಯ ದಿನ ಸಂಸ್ಕಾರ, ಹನ್ನೊಂದನೆಯ ದಿನ ಸಮಾಧಿಯ ದಿಬ್ಬ, ಅನಿವಾರ್ಯವಾದರೆ ಹನ್ನೆರಡನೆಯ ದಿನ ಯುದ್ಧ ಎಂದು ಪ್ರಿಯಾಮ್ ಕೇಳಿಕೊಳ್ಳುತ್ತಾನೆ. ಕಾವ್ಯ ಹನ್ನೊಂದನೆಯ ದಿನಕ್ಕೇ ನಿಂತುಬಿಡುತ್ತದೆ. ಕುದುರೆಗಳನ್ನು ಪಳಗಿಸುವ ಹೆಕ್ಟರನ ಅಂತ್ಯಕ್ರಿಯೆ ಹೀಗೆ ನಡೆಯಿತು ಎಂಬ ಕೊನೆಯ ಸಾಲನ್ನು ಓದಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಯಾರೋ, “ಹನ್ನೆರಡನೇ ದಿನ?” ಎಂದು ಮೆಲ್ಲಗೆ ಕೇಳಿದರು.