ಇನ್ನೂ ಯಾಕೆ ಜೊತೆಗಿದ್ದೀರಿ? ಒಂದು ಹಾಳೆ ತೆಗೆದುಕೊಂಡು ಬರೆದು ನೋಡಿ

ಎರಡು ವರ್ಷದ ಹಿಂದೆ ಅಕ್ಕ ಅವರೆಕಾಯಿ ಸುಲಿಯುತ್ತಾ ಕೇಳಿದಳು, "ದಿನಾ ಜಗಳ ಅಂತೀಯ, ಮತ್ತೆ ಯಾಕೇ ಅವನ ಜೊತೆ ಇದೀಯ?" ಆರು ವರ್ಷದ ಪ್ರೀತಿ. "ಇಷ್ಟ ಕಣಕ್ಕ" ಅಂದೆ. ಅಷ್ಟೇ ಕಾರಣ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಆ ರಾತ್ರಿ ಹಾಲಿನ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಮೂರು ಕಾಲಂ ಎಳೆದೆ. ಬಿ.ಎ.ಯಲ್ಲಿ ಓದಿದ್ದು ನೆನಪಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಿಲ್ ರಸ್ಬಲ್ಟ್ 1980ರಲ್ಲಿ ಮುಂದಿಟ್ಟ 'ಹೂಡಿಕೆ ಮಾದರಿ'. ಜನ ಜೊತೆಗೆ ಉಳಿಯುವುದು ಖುಷಿಯಿಂದ ಮಾತ್ರ ಅಲ್ಲ. ಬೇರೆ ದಾರಿ ಎಷ್ಟಿದೆ, ಇಲ್ಲಿವರೆಗೆ ಎಷ್ಟು ಹಾಕಿದ್ದೇವೆ, ಅದೂ ಸೇರುತ್ತದೆ.

ನೀವೂ ಬರೆಯಿರಿ. ಜಗಳದ ದಿನ ಬೇಡ, ಹುಟ್ಟುಹಬ್ಬದ ದಿನವೂ ಬೇಡ. ಸುಮ್ನೆ ಒಂದು ಬುಧವಾರ ಸಾಕು.

ಮೊದಲ ಕಾಲಂ ಖುಷಿಯದ್ದು. "ಒಳ್ಳೆಯವನು" ಅಂತ ಬರೆಯಬೇಡಿ. ಕಳೆದ ಒಂದು ತಿಂಗಳಲ್ಲಿ ನಡೆದದ್ದು ಬರೆಯಿರಿ. ನಾನು ಬರೆದದ್ದು: "ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್‌ಗೆ ಬಂದು ಕರೆದುಕೊಂಡು ಹೋದ. ಅಮ್ಮನ ಆಪರೇಷನ್ ದಿನ ಫೋನ್ ಎತ್ತಲಿಲ್ಲ." ಆಮೇಲೆ ನಿಮ್ಮ ಅಳತೆಗೋಲು ಯಾವುದು ನೋಡಿ. ನಮಗೆ ಸಿಕ್ಕಿದ್ದನ್ನು ಸಿಗಬೇಕು ಅಂದುಕೊಂಡಿದ್ದರ ಪಕ್ಕ ಇಟ್ಟೇ ನಾವು ಅಳೆಯುತ್ತೇವೆ ಅಂತ ಮನಶ್ಶಾಸ್ತ್ರಜ್ಞರಾದ ಥಿಬೋ ಮತ್ತು ಕೆಲ್ಲಿ 1959ರಲ್ಲೇ ಹೇಳಿದ್ದರು. ನಮ್ಮಪ್ಪ ಕುಡಿದ ಲೋಟ ಎತ್ತಿಟ್ಟವರಲ್ಲ. ಹಾಗಾಗಿ ತನ್ನ ತಟ್ಟೆ ತಾನೇ ತೊಳೆಯುವ ಗಂಡಸು ನನಗೆ ದೇವರ ಥರ ಕಂಡಿದ್ದ. ಬರೆದ ಮೇಲೆ ನಗು ಬಂತು.

ಎರಡನೆಯದು ಬೇರೆ ದಾರಿ. ಇನ್ನೊಬ್ಬ ಹುಡುಗ ಅಂತ ಮಾತ್ರ ಅಲ್ಲ. ಒಬ್ಬರೇ ಇರುವುದೂ ಒಂದು ದಾರಿ. ಸಂಬಳ ಎಷ್ಟು, ನಾಳೆ ಯಾರ ಮನೆಗೆ ಹೋಗಬಹುದು, ಎಲ್ಲ ಬರೆಯಿರಿ. "ಹೊಡೆದರೂ ಯಾಕೆ ಇದ್ದಾಳೆ?" ಅಂತ ಜನ ಕೇಳುತ್ತಾರಲ್ಲ, ಉತ್ತರ ಎಷ್ಟೋ ಸಲ ಈ ಕಾಲಂನಲ್ಲೇ ಇರುತ್ತದೆ. ಆಶ್ರಯ ಕೇಂದ್ರಕ್ಕೆ ಬಂದ ಹೆಂಗಸರ ಬಗ್ಗೆ ರಸ್ಬಲ್ಟ್ ಮತ್ತು ಮಾರ್ಟ್ಸ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಹೊರಗೆ ಬದುಕುವ ಆಸರೆ ಕಡಿಮೆ ಇದ್ದವರೇ ಆ ಸಂಬಂಧಕ್ಕೆ ಜಾಸ್ತಿ ಕಟ್ಟುಬಿದ್ದಿದ್ದರು. ನಿಮ್ಮ ಮನೆಯಲ್ಲಿ ಹೊಡೆತ ಇದ್ದರೆ ಈ ಹಾಳೆ ಬದಿಗಿಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಮೂರನೆಯದು ಹಾಕಿದ್ದು. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಆರು ವರ್ಷ. ಇಬ್ಬರಿಗೂ ಒಂದೇ ಆದ ಸ್ನೇಹಿತರು. ಅವನ ಅಮ್ಮ ಕಳಿಸುವ ಚಟ್ನಿಪುಡಿ. ಮನೆಯಲ್ಲಿ ಹೇಳಿದ ಸುಳ್ಳುಗಳು. ಅವನಿಗೋಸ್ಕರ ಬಿಟ್ಟ ಮಂಗಳೂರಿನ ಕೆಲಸ. ಈಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ನಾನು ಹೊರಟರೆ ಇದು ಹೋಗುತ್ತದಾ, ಅಥವಾ ಈಗಾಗಲೇ ಹೋಗಿದೆಯಾ? ಚಟ್ನಿಪುಡಿ ಹೋಗುತ್ತದೆ, ಸ್ನೇಹಿತರಲ್ಲಿ ಅರ್ಧ ಜನ ಹೋಗುತ್ತಾರೆ. ಮಂಗಳೂರಿನ ಕೆಲಸ ಅವನ ಜೊತೆ ಇದ್ದರೂ ಬರಲ್ಲ, ಅವನನ್ನು ಬಿಟ್ಟರೂ ಬರಲ್ಲ. ಅಂಥದ್ದರ ಮೇಲೆ ಗೀಟು ಹಾಕಿ. ಈ ಗೀಟು ರಸ್ಬಲ್ಟ್ ಹೇಳಿದ್ದಲ್ಲ, ನನ್ನದು. ಜನ ಯಾಕೆ ಉಳಿಯುತ್ತಾರೆ ಅಂತ ಅವರು ತೋರಿಸಿದರು, ಉಳಿಯಿರಿ ಅಂತ ಹೇಳಲಿಲ್ಲ.

ಹಾಳೆ ಒಂದು ತೀರ್ಮಾನ ಕೊಡದಿದ್ದರೆ ಗಾಬರಿ ಬೇಡ. ಬಿಡುವ ಯೋಚನೆಯಲ್ಲಿದ್ದವರನ್ನು ಸಂಶೋಧಕಿ ಸಮಾಂತಾ ಜೋಯೆಲ್ ಮತ್ತು ಜೊತೆಗಾರರು ಕೇಳಿದಾಗ, ಸುಮಾರು ಅರ್ಧ ಜನರಿಗೆ ಇರಬೇಕು ಅಂತಲೂ ಇತ್ತು, ಹೋಗಬೇಕು ಅಂತಲೂ ಇತ್ತು. 2018ರ ಅಧ್ಯಯನ ಅದು.

ಹಾಳೆಯನ್ನು ನಿಮ್ಮ ಜೊತೆಗಿರುವವರಿಗೆ ತೋರಿಸಬೇಕಾ ಅಂದರೆ, ಬರೆದ ವಾರವೇ ಬೇಡ. ನಾನು ಮೂರು ವಾರ ಬಿಟ್ಟು ತೋರಿಸಿದೆ. ತಟ್ಟೆಯ ವಿಷಯಕ್ಕೆ ನಗುತ್ತಾನೆ ಅಂದುಕೊಂಡಿದ್ದೆ. ಅವನ ಬೆರಳು ಗೀಟು ಹಾಕಿದ ಸಾಲಿನ ಮೇಲೆ ನಿಂತಿತು.

"ಮಂಗಳೂರಲ್ಲಿ ಕೆಲಸ ಸಿಕ್ಕಿತ್ತಾ? ನನಗೆ ನೀನು ಹೇಳಲೇ ಇಲ್ಲ."