ಫ್ಲ್ಯಾಶ್ ಚಿಪ್‌ಗೆ ರೈಟ್ ಪ್ರೊಟೆಕ್ಷನ್: ಪಿನ್ ಮತ್ತು ಬಿಟ್ ಎರಡನ್ನೂ ಹೊಂದಿಸುವ ಕ್ರಮ

ಫ್ಲ್ಯಾಶ್ ಚಿಪ್‌ನ ಡಬ್ಲ್ಯೂಪಿ (ರೈಟ್ ಪ್ರೊಟೆಕ್ಟ್) ಪಿನ್ನನ್ನು ಗ್ರೌಂಡ್‌ಗೆ ಸೇರಿಸಿದರೆ ಒಳಗಿನ ಫರ್ಮ್‌ವೇರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಸುರಕ್ಷಿತವಾಯಿತೆಂದು ಅನೇಕರು ನಂಬುತ್ತಾರೆ. ಸಾಮಾನ್ಯ ಬಳಕೆಯ ಎಸ್‌ಪಿಐ (ಕೆಲವೇ ತಂತಿಗಳ ಸರಣಿ ಸಂಪರ್ಕ) ನಾರ್ ಫ್ಲ್ಯಾಶ್‌ಗಳಲ್ಲಿ ಹಾಗಿರುವುದಿಲ್ಲ. ಆ ಪಿನ್ ಕಾಯುವುದು ಚಿಪ್‌ನ ಸ್ಥಿತಿ ಮತ್ತು ಹೊಂದಾಣಿಕೆಗಳನ್ನು ಇಟ್ಟುಕೊಳ್ಳುವ ಸ್ಟೇಟಸ್ ರಿಜಿಸ್ಟರನ್ನು. ಡೇಟಾವನ್ನು ಕಾಯುವುದು ಆ ರಿಜಿಸ್ಟರ್‌ನೊಳಗಿನ ಬಿಟ್‌ಗಳು. ಬಿಟ್‌ಗಳನ್ನಷ್ಟೇ ಹೊಂದಿಸಿ ಪಿನ್ನನ್ನು ಮರೆತರೆ, ಎಸ್‌ಪಿಐ ಬಸ್ಸನ್ನು ಬಳಸಬಲ್ಲ ಯಾವ ಪ್ರೋಗ್ರಾಂ ಬೇಕಾದರೂ ಅವನ್ನು ಸೊನ್ನೆ ಮಾಡಿ ರಕ್ಷಣೆಯನ್ನು ತೆಗೆದುಹಾಕಬಹುದು. ಪಿನ್ನನ್ನಷ್ಟೇ ಕೆಳಕ್ಕೆ, ಅಂದರೆ ಗ್ರೌಂಡ್ ಮಟ್ಟಕ್ಕೆ, ಎಳೆದರೆ ಯಾವುದಕ್ಕೂ ರಕ್ಷಣೆ ದೊರೆಯುವುದಿಲ್ಲ.

ವಿನ್‌ಬಾಂಡ್‌ನ 16 ಮೆಗಾಬೈಟ್‌ನ ಡಬ್ಲ್ಯೂ25ಕ್ಯೂ128ಎಫ್‌ವಿ ಚಿಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎಂಟು ಪಿನ್‌ಗಳ ರೂಪದಲ್ಲಿ ಇದರ 3ನೇ ಪಿನ್ನೇ ಡಬ್ಲ್ಯೂಪಿ. ಮೊದಲ ಸ್ಟೇಟಸ್ ರಿಜಿಸ್ಟರ್‌ನ 2, 3, 4ನೇ ಬಿಟ್‌ಗಳಾದ ಬಿಪಿ0, ಬಿಪಿ1, ಬಿಪಿ2 ಎಷ್ಟು ಭಾಗವನ್ನು ಕಾಯಬೇಕೆಂಬುದನ್ನು ಹೇಳುತ್ತವೆ. 5ನೇ ಬಿಟ್ ಆ ಭಾಗ ಮೆಮೊರಿಯ ಮೇಲ್ತುದಿಯಲ್ಲಿದೆಯೋ ಕೆಳತುದಿಯಲ್ಲಿದೆಯೋ ಎಂಬುದನ್ನು ನಿರ್ಧರಿಸುತ್ತದೆ. ಎಸ್‌ಆರ್‌ಪಿ0 ಎಂಬ 7ನೇ ಬಿಟ್ 1 ಆದಾಗ ಮಾತ್ರ ಚಿಪ್ ಡಬ್ಲ್ಯೂಪಿ ಪಿನ್ನನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಮೇಲ್ತುದಿಯ 256 ಕಿಲೋಬೈಟನ್ನು ಕಾಯಲು ಬಿಪಿ0 ಮತ್ತು ಎಸ್‌ಆರ್‌ಪಿ0 ಎರಡನ್ನೂ 1 ಮಾಡಬೇಕು. ಆಗ ರಿಜಿಸ್ಟರ್‌ನ ಮೌಲ್ಯ 10000100, ಅಂದರೆ ಹೆಕ್ಸ್ (ಹದಿನಾರರ ಆಧಾರದ ಸಂಖ್ಯಾಪದ್ಧತಿ) 84 ಆಗುತ್ತದೆ.

ಬರೆಯುವ ಮುನ್ನ 35 ಹೆಕ್ಸ್ ಆದೇಶದಿಂದ ಎರಡನೇ ರಿಜಿಸ್ಟರನ್ನು ಓದಿ, ಅದರ 1ನೇ ಬಿಟ್ ಆದ ಕ್ಯೂಇಯನ್ನು ಗಮನಿಸಬೇಕು. ನಾಲ್ಕು ತಂತಿಗಳ ವೇಗದ ವರ್ಗಾವಣೆಗಾಗಿ ಅದು 1 ಆಗಿದ್ದರೆ 3ನೇ ಪಿನ್ ಡೇಟಾ ತಂತಿಯಾಗಿ ಬದಲಾಗುತ್ತದೆ ಮತ್ತು ಹಾರ್ಡ್‌ವೇರ್ ರಕ್ಷಣೆ ಪೂರ್ತಿ ಇಲ್ಲವಾಗುತ್ತದೆ. ಹೆಚ್ಚಿನ ವಿಫಲತೆಗಳ ಮೂಲ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೆಲವು ಉಪಮಾದರಿಗಳು ಕಾರ್ಖಾನೆಯಿಂದಲೇ ಕ್ಯೂಇ 1 ಆಗಿ ಬರುತ್ತವೆ. ಪಿನ್ನನ್ನು ನೇರವಾಗಿ ಗ್ರೌಂಡ್‌ಗೆ ಬೆಸುಗೆ ಹಾಕದೆ ರೆಸಿಸ್ಟರ್ ಮೂಲಕ ಎಳೆಯುವುದು ಒಳ್ಳೆಯದು. ಕ್ಯೂಇ 1 ಆಗಿದ್ದು ಚಿಪ್ ಆ ತಂತಿಯನ್ನು ಮೇಲಕ್ಕೆಳೆದರೆ ನೇರ ಸಂಪರ್ಕವು ಶಾರ್ಟ್ ಆಗುತ್ತದೆ. ಬೋರ್ಡಿನಲ್ಲಿ ಆಗಲೇ ಮೇಲಕ್ಕೆಳೆಯುವ ರೆಸಿಸ್ಟರ್ ಇದ್ದರೆ ಅದನ್ನು ತೆಗೆಯಬೇಕಾಗಬಹುದು.

ಪಿನ್ ಇನ್ನೂ ಮೇಲಿನ ಮಟ್ಟದಲ್ಲಿರುವಾಗಲೇ ಬರೆಯಲು ಅನುಮತಿಸುವ 06 ಆದೇಶ ಕಳುಹಿಸಿ, ಬಳಿಕ ಸ್ಟೇಟಸ್ ರಿಜಿಸ್ಟರ್‌ಗೆ ಬರೆಯುವ 01 ಆದೇಶದೊಂದಿಗೆ 84ನ್ನೂ ಎರಡನೇ ರಿಜಿಸ್ಟರ್‌ನಿಂದ ಓದಿಟ್ಟುಕೊಂಡ ಮೌಲ್ಯವನ್ನೂ (ಕ್ಯೂಇ 1 ಆಗಿದ್ದರೆ ಅದನ್ನು ಸೊನ್ನೆ ಮಾಡಿ) ಒಟ್ಟಿಗೆ ಬರೆಯಬೇಕು. ಒಂದೇ ಬೈಟ್ ಕಳುಹಿಸಿದರೆ ಕೆಲವು ಹಳೆಯ ಚಿಪ್‌ಗಳು ಎರಡನೇ ರಿಜಿಸ್ಟರ್‌ನ ಬಿಟ್‌ಗಳನ್ನು ತಾವಾಗಿಯೇ ಸೊನ್ನೆ ಮಾಡಿಬಿಡುತ್ತವೆ. 05 ಆದೇಶದಿಂದ ಮೊದಲ ರಿಜಿಸ್ಟರನ್ನು ಓದುತ್ತಾ, ಬರಹ ನಡೆಯುತ್ತಿದೆ ಎಂದು ಸೂಚಿಸುವ 0ನೇ ಬಿಟ್ ಸೊನ್ನೆಗೆ ಇಳಿಯುವವರೆಗೆ ಕಾಯಿರಿ. ಓದಿದ್ದು 84 ಎಂದು ಖಚಿತವಾದ ಮೇಲೆ ಮಾತ್ರ ಪಿನ್ನನ್ನು ಕೆಳಕ್ಕೆಳೆಯಿರಿ. ಲಿನಕ್ಸ್‌ನಲ್ಲಿ ಈ ಕೆಲಸವನ್ನು ಫ್ಲ್ಯಾಶ್‌ರಾಮ್ ಸಾಧನದ ರೈಟ್ ಪ್ರೊಟೆಕ್ಟ್ ಆಯ್ಕೆಗಳಿಂದಲೂ ಮಾಡಬಹುದು.

ಇನ್ನು ಪರೀಕ್ಷೆ, ಇದನ್ನು ದಯವಿಟ್ಟು ಬಿಡಬೇಡಿ. ರಕ್ಷಿತ ಜಾಗಕ್ಕೆ ಬರೆಯಹೋದಾಗ ಈ ಚಿಪ್ ದೋಷವನ್ನು ವರದಿ ಮಾಡದೆ ಆದೇಶವನ್ನು ಮೌನವಾಗಿ ಕೈಬಿಡುತ್ತದೆ, ಹಾಗಾಗಿ ಮರಳಿ ಓದಿ ನೋಡದೆ ಏನೂ ತಿಳಿಯದು. ಮೊದಲು ರಿಜಿಸ್ಟರ್‌ಗೆ 00 ಬರೆಯಲು ಯತ್ನಿಸಿ. ರೈಟ್ ಎನೇಬಲ್ ಸೂಚಿಸುವ 1ನೇ ಬಿಟ್ಟನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ ಮೌಲ್ಯ 84 ಆಗಿಯೇ ಉಳಿದಿರಬೇಕು. ಆಮೇಲೆ ರಕ್ಷಿತ ಭಾಗದಲ್ಲಿ ಬಿಟ್‌ಗಳೆಲ್ಲ 1 ಆಗಿರುವ, ಬಳಕೆಯಲ್ಲಿಲ್ಲದ ಒಂದು ಬೈಟನ್ನು ಆರಿಸಿ ಅಲ್ಲಿ ಬರೆಯಲು ಯತ್ನಿಸಿ. ಒಂದು ವೇಳೆ ರಕ್ಷಣೆ ಸರಿಯಿಲ್ಲದಿದ್ದರೂ ಕೆಡುವುದು ಆ ಖಾಲಿ ಬೈಟ್ ಮಾತ್ರ.

ಕ್ಯೂಇ ಬೇಕೇ ಬೇಕು ಎನ್ನುವ ವಿನ್ಯಾಸಗಳಲ್ಲಿ ಪಿನ್ ಸಿಗದಿದ್ದರೂ ಬೇರೊಂದು ದಾರಿಯಿದೆ. ಎರಡನೇ ರಿಜಿಸ್ಟರ್‌ನ 0ನೇ ಬಿಟ್ಟಾದ ಎಸ್‌ಆರ್‌ಪಿ1ನ್ನು 1 ಮಾಡಿ ಎಸ್‌ಆರ್‌ಪಿ0ಯನ್ನು ಸೊನ್ನೆಯಾಗಿಟ್ಟರೆ, ವಿದ್ಯುತ್ ಕಡಿದು ಮತ್ತೆ ಕೊಡುವವರೆಗೂ ಸ್ಟೇಟಸ್ ರಿಜಿಸ್ಟರ್‌ಗಳು ಬೀಗ ಹಾಕಿದಂತಿರುತ್ತವೆ. ವಿದ್ಯುತ್ ಮರಳಿದಾಗ ಈ ಬೀಗ ತೆರೆದುಕೊಳ್ಳುವುದರಿಂದ, ರಕ್ಷಿತ ಭಾಗದಲ್ಲಿರುವ ಬೂಟ್‌ಲೋಡರ್ (ಸಾಧನ ಆರಂಭವಾಗುವಾಗ ಮೊದಲು ಓಡುವ ಕೋಡ್) ಪ್ರತಿ ಬಾರಿಯೂ ಬೇರೆ ಯಾವ ಕೋಡ್‌ಗೂ ಹತೋಟಿ ಒಪ್ಪಿಸುವ ಮೊದಲೇ ಅದನ್ನು ಮತ್ತೆ ಹಾಕಬೇಕು.