ಅಡಿಕೆಯ ಅರೆಕೊಲಿನ್ ಅಳೆಯಲು ಎಲ್‌ಸಿ-ಎಂಎಸ್ ಜೋಡಣೆ

ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಆಲ್ಕಲಾಯ್ಡನ್ನು ಅಳೆಯಲು ದ್ರವ ಕ್ರೊಮ್ಯಾಟೊಗ್ರಫಿಯನ್ನು (ಎಲ್‌ಸಿ) ಮಾಸ್ ಸ್ಪೆಕ್ಟ್ರೋಮೀಟರಿಗೆ (ಎಂಎಸ್) ಜೋಡಿಸುವವರು, ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಕೊಳವೆಯಾದ ಕಾಲಮ್ಮಿನಿಂದ ಹೊರಬರುವುದು ದ್ರವ, ಆದರೆ ಅಯಾನುಗಳ ಅಳತೆ ನಡೆಯುವುದು ನಿರ್ವಾತದಲ್ಲಿ ಎಂಬುದನ್ನು ಮೊದಲು ನೆನಪಿಡಬೇಕು. ಇವೆರಡರ ನಡುವಿನ ಸೇತುವೆ ಎಲೆಕ್ಟ್ರೋಸ್ಪ್ರೇ, ಅಂದರೆ ಹೆಚ್ಚಿನ ವೋಲ್ಟೇಜಿನ ಸೂಜಿಯಿಂದ ದ್ರವವನ್ನು ಸಣ್ಣ ಹನಿಗಳಾಗಿ ಸಿಂಪಡಿಸಿ ಅಯಾನುಗಳನ್ನು ಪಡೆಯುವ ವಿಧಾನ.

ಫಾಸ್ಫೇಟ್ ಬಫರನ್ನು ಖಂಡಿತ ಬಳಸಬೇಡಿ. ಅದು ಆವಿಯಾಗದೆ ಅಯಾನು ಮೂಲದಲ್ಲಿ ಉಪ್ಪಾಗಿ ಕಟ್ಟಿಕೊಳ್ಳುತ್ತದೆ. ಶೇ. 0.1 ಫಾರ್ಮಿಕ್ ಆಮ್ಲ ಅಥವಾ 10 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್ ಸಾಕು. 2.1 ಮಿ.ಮೀ. ಒಳವ್ಯಾಸದ ಕಾಲಮ್ಮಿಗೆ ನಿಮಿಷಕ್ಕೆ 0.3 ಮಿ.ಲೀ. ಹರಿವು ಹೊಂದುತ್ತದೆ. ಕಾಲಮ್ಮಿನಿಂದ ಸೂಜಿಯವರೆಗಿನ ನಳಿಕೆ ಗಿಡ್ಡವೂ ಸಪೂರವೂ ಆಗಿರಲಿ. ಇಲ್ಲವಾದರೆ ಬೇರ್ಪಟ್ಟ ಪೀಕ್‌ಗಳು ಮತ್ತೆ ಹರಡಿಕೊಳ್ಳುತ್ತವೆ.

ಧನ ಅಯಾನು ವಿಧಾನದಲ್ಲಿ ಅರೆಕೊಲಿನ್ m/z (ರಾಶಿ ಮತ್ತು ವಿದ್ಯುದಾವೇಶದ ಅನುಪಾತ) 156ರಲ್ಲಿ ಕಾಣಿಸುತ್ತದೆ. ಅದು ಪ್ರತ್ಯಾಮ್ಲವಾದ್ದರಿಂದ ಆಮ್ಲೀಯ ದ್ರಾವಕದಲ್ಲಿ ಸಿ-18 (18 ಇಂಗಾಲದ ಸರಪಳಿಗಳನ್ನು ಹೊದಿಸಿದ) ಕಾಲಮ್ಮಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಉಪ್ಪಿರುವ ಆರಂಭದ ಹರಿವನ್ನು ಹೊರಗೆ ಬಿಡುವ ಕವಾಟವನ್ನು ಸ್ಪೆಕ್ಟ್ರೋಮೀಟರಿನ ಕಡೆಗೆ ತಡವಾಗಿ ತಿರುಗಿಸಿದರೆ ಬೇಕಾದ ಅರೆಕೊಲಿನ್ನೇ ಉಪ್ಪಿನ ಜೊತೆ ಹೋಗಿಬಿಡುತ್ತದೆ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಕೆಂಪಡಿಕೆಗೆ ಬಳಿದ ಚೊಗರಿನದು (ಅಡಿಕೆ ಬೇಯಿಸಿದ ಗಟ್ಟಿ ನೀರು). ಅದರ ಟ್ಯಾನಿನ್‌ಗಳು ಅರೆಕೊಲಿನ್ ಜೊತೆಗೇ ಹೊರಬಂದರೆ ಅಯಾನೀಕರಣ ಕುಗ್ಗಿ, ಇರುವುದಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಹೋಲಿಕೆಗೆ ಅರೆಕೊಲಿನ್ ಇಲ್ಲದ ಅಡಿಕೆ ಸಿಗುವುದಿಲ್ಲವಾದ್ದರಿಂದ, ಅದೇ ಮಾದರಿಯ ಸಾರಕ್ಕೆ ತಿಳಿದ ಪ್ರಮಾಣದ ಶುದ್ಧ ಅರೆಕೊಲಿನ್ ಅನ್ನು ಹಂತಹಂತವಾಗಿ ಸೇರಿಸಿ ಲೆಕ್ಕ ಹಾಕಬೇಕು, ಇಲ್ಲವೇ ಡ್ಯೂಟೀರಿಯಂ (ಭಾರವಾದ ಜಲಜನಕ) ಸೇರಿದ ಅರೆಕೊಲಿನ್ ಅನ್ನು ಸಾರ ತೆಗೆಯುವ ಮೊದಲೇ ಬೆರೆಸಬೇಕು.